ಪಟ್ಟಾ ಹಿಡಿಯೂದು ರಕ್ತದಾಗ ಬರೂದಿಲ್ಲ

ನಮ್ಮ ವಾಚನಾಲಯದ ಹೋದ ಸಂಕಲನದಲ್ಲಿ ಊರ ಕಸುಬುಗಳ ಬಗ್ಗೆ ಹಿರಿಯರೊಬ್ಬರು ಬರೆದ ಲೇಖನವನ್ನು ನೀವೆಲ್ಲ ಓದಿರಬೇಕು. ಬಡಿಗರು, ಕಂಬಾರರು, ಕುಂಬಾರರು, ಸಮಗಾರರು, ಕಡೆಗೆ ನಾವು ಹಡಪದವರು, ಎಲ್ಲರನ್ನೂ ಒಳ್ಳೆಯ ಮನಸ್ಸಿನಿಂದಲೇ ಹೊಗಳಿದ್ದಾರೆ. ನಮ್ಮ ಬಗ್ಗೆ ಬರೆದದ್ದರ ತಾತ್ಪರ್ಯ ಇಷ್ಟು: ಹಡಪದವರ ಮಗನಿಗೆ ಕತ್ತಿ ಹಿಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ, ಅದು ರಕ್ತದಲ್ಲೇ ಬಂದಿರುತ್ತದೆ, ಬೇರೆಯವರು ಎಷ್ಟು ತಿಣುಕಿದರೂ ಆ ಕೈ ಅವರಿಗೆ ಬರುವುದಿಲ್ಲ. ಅಂಗಡಿಗೆ ಬಂದ ಮೂರು ಮಂದಿ ಈ ಭಾಗವನ್ನು ನನಗೆ ಓದಿ ತೋರಿಸಿದರು. "ನೋಡ್ರಿ ಕಾಕಾ, ನಿಮ್ಮನ್ನ ಎಷ್ಟು ಛಂದ ಬರದಾರ" ಅಂದರು. ನಾನು "ಹೌದ್ರಿ" ಅಂದು ಸಾಬಣ ಹಚ್ಚಿದೆ. ಗಿರಾಕಿಯ ಗಂಟಲು ಕೈಯಾಗ ಇದ್ದಾಗ ವಾದ ಮಾಡಬಾರದು. ಈಗ ಕೈಯಾಗ ಬರೇ ಪೆನ್ನು ಅದ, ಅದಕ್ಕ ಹೇಳ್ತೀನಿ: ಆ ಮಾತು ಸುಳ್ಳು. ಸುಳ್ಳಿನ ಜೋಡಿ ಅದು ಹೊಗಳಿಕೆಯ ಅಂಗಿ ತೊಟ್ಟ ಬೈಗಳೂ ಹೌದು.

ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಅಪ್ಪನ ಮುಂದೆ ಕೂತು ತಲೆ ಬಾಗಿಸಿದವರು ಅವರು. ಸಿಟ್ಟು ಆ ಮಾತಿನ ಮೇಲೆ. ಯಾಕಂದರೆ ಅದು ಅಚ್ಚಾದ ಮೇಲೆ ಏನಾಯಿತು ಕೇಳ್ರಿ. ನಮ್ಮೂರಿನ ಇಬ್ಬರು ಹುಡುಗರು, ಇಬ್ಬರೂ ಒಕ್ಕಲುತನದ ಮನೆಯವರು, ಹಳೇ ಮಾದರಿಯ ಮಡಚುವ ಕತ್ತಿಯನ್ನೂ ತೂಗುಹಾಕುವ ತೊಗಲ ಪಟ್ಟಾವನ್ನೂ ಪುಣೆಯಿಂದ ತರಿಸಿದ್ದರು. ತಮ್ಮ ಗಡ್ಡ ತಾವೇ ಮಾಡಿಕೊಳ್ಳುವ ಹುರುಪು. ಹದಿನೈದು ದಿನದಲ್ಲಿ ಪಟ್ಟಾಕ್ಕೆ ನಾಲ್ಕು ಕಡೆ ಕಚ್ಚು ಬಿತ್ತು, ಕತ್ತಿಯ ಧಾರ ಸತ್ತಿತು. ಎರಡನ್ನೂ ತಂದು ನನ್ನ ಬೆಂಚಿನ ಮೇಲೆ ಇಟ್ಟು, "ಕಾಕಾ, ನೀವಽ ಇಟ್ಕೋರಿ. ಇದು ನಮ್ಮ ರಕ್ತದಾಗ ಇಲ್ಲ" ಅಂದರು. ಪುಸ್ತಕದಾಗ ಓದಿದ ಮಾತು ಹಂಗ ಹಂಗೇ ಬಾಯಿಗೆ ಬಂದಿತ್ತು.

ನಾನು ಪಟ್ಟಾವನ್ನು ತಿರುವಿ ನೋಡಿದೆ. ನಾಲ್ಕೂ ಕಚ್ಚು ಕೈ ಹಿಡಿಯುವ ತುದಿಗೆ ಹತ್ತಿರ, ಎಲ್ಲಾ ಒಂದೇ ಅಂಚಿನ ಕಡೆ. "ಹೆಂಗ ಹಿಡದಿದ್ದಿ, ತೋರ್ಸು" ಅಂದೆ. ಒಬ್ಬ ಹಿಡಿದು ತೋರಿಸಿದ. ಮುಷ್ಟಿ ಕಟ್ಟಿ, ಎತ್ತಿನ ಹಗ್ಗ ಹಿಡಿದಂಗ. ನನಗೆ ನಗು ಬಂತು, ಯಾಕಂದರೆ ಅದೇ ಮುಷ್ಟಿ, ಅದೇ ಕಚ್ಚು, ಹನ್ನೆರಡು ವರ್ಷದವನಿದ್ದಾಗ ನಂದೂ ಇತ್ತು. ರಕ್ತದಾಗ ಬಂದಿದ್ದು ಅಂದರೆ ಆ ತಪ್ಪೊಂದೇ ಇರಬೇಕು, ಅದೂ ಎಲ್ಲರ ರಕ್ತದಾಗೂ.

ಈಗಿನ ಹುಡುಗರಿಗಾಗಿ ಎರಡು ಮಾತು. ಅರ್ಧ ಬ್ಲೇಡು ಮುರಿದು ಸಿಕ್ಕಿಸುವ ಹಿಡಿಕೆ ಬರುವ ಮೊದಲು ನಮ್ಮ ಹಡಪದೊಳಗೆ ಇರುತ್ತಿದ್ದದ್ದು ಇಡೀ ಉಕ್ಕಿನ ಕತ್ತಿ. ಅದನ್ನು ಮಸೆಗಲ್ಲಿಗೆ ಹಾಕುವುದು ಅಪರೂಪ. ದಿನಾ ಹಾಕಿದರೆ ಕತ್ತಿಯೇ ಸವೆದು ಹೋಗುತ್ತದೆ. ದಿನದ ಕೆಲಸ ತೊಗಲ ಪಟ್ಟಾದ್ದು. ಕಲ್ಲು ಉಕ್ಕನ್ನು ತಿಂದು ಧಾರ ಹುಟ್ಟಿಸುತ್ತದೆ, ತೊಗಲು ಆ ಧಾರವನ್ನು ನೆಟ್ಟಗೆ ಮಾಡಿ ನುಣುಪು ಕೊಡುತ್ತದೆ. ಕೂದಲು ಕೊಯ್ದು ಕೊಯ್ದು ಅಲಗಿನ ತುದಿ ಕಣ್ಣಿಗೆ ಕಾಣದಷ್ಟು ಸೊಟ್ಟಗಾಗಿರುತ್ತದೆ, ಅದನ್ನು ತಿದ್ದುವುದು ಈ ಪಟ್ಟಾ. ಕತ್ತಿಯ ಬೆನ್ನು ಮುಂದೆ, ಅಲಗು ಹಿಂದೆ. ತುದಿಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ ಮತ್ತೆ ವಾಪಸ್. ಅಲಗಿನ ಮೇಲೆ ಹೊರಳಿಸಿದರೆ ಪಟ್ಟಾ ಕೊಯ್ದಿತು ಅಂತಲೇ ಲೆಕ್ಕ. ಇಷ್ಟು ಬಲಗೈಯ ಕೆಲಸ. ನೋಡುವವರೆಲ್ಲ ಬಲಗೈಯನ್ನೇ ನೋಡುತ್ತಾರೆ, ಯಾಕಂದರೆ ಹೊಳೆಯುವುದು ಅದರಲ್ಲಿದೆ. ಕೆಡುವುದು ಮಾತ್ರ ಎಡಗೈಯಲ್ಲಿ.

ನಾನು ಕಲಿತದ್ದು ಹೇಳುತ್ತೇನೆ. ಆರನೇ ಇಯತ್ತೆ. ಪಡಸಾಲೆಯ ಕಂಬದ ಗೂಟಕ್ಕೆ ಪಟ್ಟಾ ಹಾಕಿ, ಅಪ್ಪ ಅದರ ಇನ್ನೊಂದು ತುದಿಯನ್ನು ನನ್ನ ಎಡಗೈಗೆ ಕೊಟ್ಟು "ಬಿಗಿ ಹಿಡಿ" ಅಂದ. ಹಿಡಿದೆ. ಕತ್ತಿ ಎಳೆದರೆ ಗರ್ ಅಂತ ಸಪ್ಪಳ, ನಡುವೆ ತಾಗುವುದಿಲ್ಲ, ಅಂಚಿಗೆ ಕೊರೆಯುತ್ತದೆ. ಬೆನ್ನಿಗೊಂದು ಗುದ್ದು. "ಬಿಗಿ ಅಂದ್ರ ತಿಳೀಯಂಗಿಲ್ಲೇನು?" ಇನ್ನೂ ಬಿಗಿ ಮಾಡಿದೆ, ಬೆರಳ ಗಿಣ್ಣು ಬೆಳ್ಳಗಾಗುವಷ್ಟು. ಮತ್ತಿಷ್ಟು ಕೆಟ್ಟಿತು. ಆರು ತಿಂಗಳು ಇದೇ. ಪಟ್ಟಾಕ್ಕೆ ಮೂರು ಕಚ್ಚು, ನನ್ನ ಹೆಬ್ಬೆರಳಿಗೆ ಒಂದು. ಹೆಬ್ಬೆರಳಿನದು ಇನ್ನೂ ಅದ.

ಕಲಿಸಿದ್ದು ಅಪ್ಪ ಅಲ್ಲ, ಮುತ್ಯಾ. ಕಣ್ಣು ಮಂಜಾಗಿ ಕಸುಬು ಬಿಟ್ಟು ಕಟ್ಟೆಗೆ ಕೂತಿದ್ದ. ಸಪ್ಪಳ ಕೇಳಿಯೇ ತಿಳಿದುಕೊಂಡ. ಹತ್ತಿರ ಕರೆದು ನನ್ನ ಮುಷ್ಟಿಯ ಮೇಲೆ ಕೈಯಿಟ್ಟು ಒಂದೊಂದೇ ಬೆರಳು ಬಿಚ್ಚಿದ. "ತಮ್ಮಾ, ಬೆರಳಿನಿಂದ ಹಿಚಕಬ್ಯಾಡ. ಮೈಯಿಂದ ಜಗ್ಗು" ಅಂದ. ಇಷ್ಟೇ. ಆವತ್ತು ಸಂಜೀಕೇ ಸಪ್ಪಳ ಬದಲಾಯಿತು. ಆರು ತಿಂಗಳ ಗುದ್ದು ಮಾಡದ ಕೆಲಸ ಎರಡು ಮಾತು ಮಾಡಿದವು. ರಕ್ತದಲ್ಲೇ ಇದ್ದಿದ್ದರೆ ಆ ಆರು ತಿಂಗಳು ಅದು ಎಲ್ಲಿಗೆ ಹೋಗಿತ್ತು ಅಂತ ನಾನು ಹಿರಿಯರನ್ನು ಕೇಳುತ್ತೇನೆ. ನನ್ನ ಸ್ವಂತ ತಮ್ಮನಿಗೆ ಇವತ್ತಿಗೂ ಪಟ್ಟಾ ಹಿಡಿಯಲು ಬರುವುದಿಲ್ಲ. ಅವನು ಎಸ್.ಟಿ. ಬಸ್ಸು ನಡೆಸುತ್ತಾನೆ. ನಮ್ಮ ಏಳು ತಲೆಮಾರಿನ ರಕ್ತದಾಗ ಬಸ್ಸೂ ಇರಲಿಲ್ಲ.

ಈಗ ಹಿಡಿಯುವುದು ಹೇಗೆ ಅಂತ ಪೂರಾ ಹೇಳುತ್ತೇನೆ. ಓದಿ ಕಲಿಯಬಹುದಾದರೆ ರಕ್ತದ ಮಾತು ಅಲ್ಲಿಗೇ ಬಿತ್ತು.

"ಬಿಗಿ ಹಿಡಿ" ಎಂಬ ಮಾತಿನಲ್ಲೇ ಮೋಸವಿದೆ. ನಮ್ಮ ಮಾತಿನಲ್ಲಿ ಹಿಚುಕುವುದಕ್ಕೂ ಬಿಗಿ ಅಂತೀವಿ, ಜಗ್ಗುವುದಕ್ಕೂ ಬಿಗಿ ಅಂತೀವಿ. ಪಟ್ಟಾಕ್ಕೆ ಬೇಕಾದದ್ದು ಜಗ್ಗುವ ಬಿಗಿ. ಹುಡುಗರು ಕೊಡುವುದು ಹಿಚುಕುವ ಬಿಗಿ. ಅಗಲ ಪಟ್ಟಾ, ಎರಡೂವರೆ ಮೂರು ಇಂಚಿನದು, ಅದರ ತುದಿಯನ್ನು ಮುಷ್ಟಿಯೊಳಗೆ ಹಿಚುಕಿದರೆ ಏನಾಗುತ್ತದೆ? ಎರಡೂ ಅಂಚು ಮೇಲೆ ಏಳುತ್ತವೆ, ನಡು ತಗ್ಗಾಗುತ್ತದೆ. ಬಾಳೆ ದೊನ್ನೆಯಂಗ. ಅದರ ಮೇಲೆ ಕತ್ತಿ ಇಟ್ಟರೆ ಅಲಗಿನ ಎರಡು ತುದಿ ಮಾತ್ರ ತೊಗಲಿಗೆ ಹತ್ತುತ್ತವೆ, ನಡುವಿನ ಧಾರ ಗಾಳಿಯಲ್ಲಿ. ಅದೇ ಸಿಟ್ಟಿಗೆ ಬಲಗೈ ಒತ್ತುತ್ತದೆ. ಒತ್ತಿದಾಗ ಎದ್ದ ಅಂಚು ಕೊಯ್ದು ಹೋಗುತ್ತದೆ. ಆ ಹುಡುಗರ ಪಟ್ಟಾದ ಕಚ್ಚು ಹಂಗ ಬಿದ್ದದ್ದು.

ಇನ್ನು ಕೆಲವರು ನಡುವೆ ಎರಡೇ ಬೆರಳಿನಿಂದ ಚಿವುಟಿ ಹಿಡಿಯುತ್ತಾರೆ, ಸೀರೆಯ ನಿರಿಗೆ ಹಿಡಿದಂಗ. ಆಗ ಅಂಚು ಏಳುವುದಿಲ್ಲ ಖರೆ. ಆದರೆ ಕತ್ತಿ ಒಂದು ಮಗ್ಗಲಿಗೆ ಹೋದಾಗ ಪಟ್ಟಾ ಆ ಕಡೆ ವಾಲುತ್ತದೆ, ವಾಪಸ್ ಬರುವಾಗ ಈ ಕಡೆ. ತೊಟ್ಟಿಲು ತೂಗಿದಂಗ ಆಗುತ್ತದೆ.

ಸರಿಯಾದದ್ದು ಹಿಂಗ. ಎಡ ಅಂಗೈಯನ್ನು ಮೇಲ್ಮುಖ ಮಾಡ್ರಿ, ದೇವಸ್ಥಾನದಾಗ ಪ್ರಸಾದಕ್ಕ ಹಿಡಿದಂಗ. ಪಟ್ಟಾದ ತುದಿಯನ್ನು ನಾಲ್ಕೂ ಬೆರಳಿನ ಮೇಲೆ ಅಡ್ಡ ಇಡ್ರಿ, ಅಂಗೈಯ ಗುಳಿಯೊಳಗೆ ಬ್ಯಾಡ, ಬೆರಳ ಮೊದಲ ಎರಡು ಗಿಣ್ಣಿನ ಮೇಲೆ. ನಾಲ್ಕೂ ಬೆರಳು ಒಂದಕ್ಕೊಂದು ಹತ್ತಿ, ಒಂದೇ ಮಟ್ಟದಲ್ಲಿ ಇರಬೇಕು. ಹೆಬ್ಬೆರಳನ್ನು ಮೇಲಿಂದ ಅಡ್ಡ ಮಲಗಿಸ್ರಿ, ಪಟ್ಟಾದ ಅಗಲಕ್ಕೆ ಉದ್ದೋಕೆ. ಹೆಬ್ಬೆರಳ ತುದಿ ಒತ್ತಬಾರದು, ಇಡೀ ಹೆಬ್ಬೆರಳು ಮಲಗಿರಬೇಕು. ಮೇಲೊಂದು ಹಲಗೆ, ಕೆಳಗೊಂದು ಹಲಗೆ, ನಡುವೆ ತೊಗಲು. ಅಗಲದ ಎಲ್ಲ ಕಡೆ ಒಂದೇ ಹಿಡಿತ. ತುದಿಗೆ ರಿಂಗು ಇದ್ದರೆ ಒಂದೇ ಬೆರಳು ಹಾಕಿ ಜೋತು ಬೀಳಬಾರದು; ಎರಡು ಮೂರು ಬೆರಳು ಹಾಕಿ, ಎರಡೂ ಅಂಚಿಗೆ ಸಮ ಜಗ್ಗು ಬರುವಂಗ ಹಿಡಿಯಬೇಕು. ತೊಗಲಿನ ಜೋಡಿ ಕ್ಯಾನ್ವಾಸ್ ಬಟ್ಟೆಯ ಪಟ್ಟಿಯೂ ಇರುತ್ತದೆ. ಮೊದಲು ಬಟ್ಟೆ, ಆಮೇಲೆ ತೊಗಲು. ಯಾವುದರ ಮೇಲೆ ಕೆಲಸ ನಡೆದಿದೆಯೋ ಅದನ್ನಷ್ಟೇ ಹಿಡಿಯಬೇಕು, ಇನ್ನೊಂದು ಕೆಳಗೆ ಜೋತುಬಿದ್ದಿರಲಿ. ಎರಡನ್ನೂ ಸೇರಿಸಿ ಹಿಡಿದರೆ ಎರಡೂ ಸುಕ್ಕಾಗುತ್ತವೆ.

ಮಣಿಕಟ್ಟು ಮೊಣಕೈಗೆ ನೇರ ಇರಬೇಕು. ಮಣಿಕಟ್ಟು ಒಳಗೆ ಬಾಗಿದರೆ ಹೆಬ್ಬೆರಳ ಕಡೆಯ ಅಂಚು ಬಿಗಿ, ಕಿರುಬೆರಳ ಕಡೆಯದು ಸಡಿಲ. ಮೊಣಕೈ ಪಕ್ಕೆಲುಬಿಗೆ ಹತ್ತಿ ನಿಲ್ಲಲಿ. ಜಗ್ಗುವುದು ಕೈಯಿಂದ ಅಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಮೈಯ ಭಾರ ಸ್ವಲ್ಪ ಹಿಂದಕ್ಕೆ ಕೊಡಬೇಕು, ಅಷ್ಟೇ. ಮುತ್ಯಾ ಹೇಳಿದ್ದು ಅದು. ಮೈಯಿಂದ ಜಗ್ಗಿದರೆ ಬೆರಳಿಗೆ ಹಿಚುಕುವ ಕೆಲಸವೇ ಉಳಿಯುವುದಿಲ್ಲ. ಗೂಟ ಹೊಟ್ಟೆಯ ಮಟ್ಟಕ್ಕೋ ಎದೆಯ ಕೆಳಗೋ ಇರಲಿ. ಕೈ ಅದೇ ಮಟ್ಟಕ್ಕೆ, ಇಲ್ಲವೇ ಸ್ವಲ್ಪ ತಗ್ಗಿಗೆ. ಹೆಬ್ಬೆರಳಿಗಿಂತ ನಾಲ್ಕು ಬೆರಳು ಅಳತೆ ಮೊದಲೇ ಕತ್ತಿ ನಿಂತು ಹೊರಳಬೇಕು. ನನ್ನ ಹೆಬ್ಬೆರಳಿನ ಗುರುತು ಆ ನಾಲ್ಕು ಬೆರಳು ಬಿಡದೇ ಹೋದದ್ದಕ್ಕೆ. ಎಡಚರು ಇದನ್ನೆಲ್ಲ ಬಲಗೈಗೆ ಓದಿಕೊಳ್ಳಲಿ.

ಹಿಡಿತ ಸರಿಯಿದೆಯೋ ಇಲ್ಲವೋ ನೋಡಲಿಕ್ಕೆ ಶಾಲೆಯ ಅಳತೆಪಟ್ಟಿ ಸಾಕು. ಜಗ್ಗಿ ಹಿಡಿದ ಪಟ್ಟಾದ ಮೇಲೆ ಇನ್ನೊಬ್ಬರು ಅಳತೆಪಟ್ಟಿಯ ಅಂಚನ್ನು ಅಡ್ಡ ನಿಲ್ಲಿಸಲಿ. ಕಿಟಕಿಯ ಕಡೆ ಮುಖ ಮಾಡಿ ನೋಡಿದರೆ ಪಟ್ಟಿಯ ಕೆಳಗೆ ಬೆಳಕು ಕಾಣಬಾರದು. ನಡುವೆ ಬೆಳಕು ಕಂಡರೆ ಹಿಚುಕಿದ್ದೀರಿ. ಒಂದು ಅಂಚಿಗೆ ಕಂಡರೆ ಮಣಿಕಟ್ಟು ಬಾಗಿದೆ. ಇಷ್ಟು ಸರಳ ಪರೀಕ್ಷೆ ನಮ್ಮ ಅಪ್ಪನಿಗೆ ಗೊತ್ತಿದ್ದರೆ ನನ್ನ ಬೆನ್ನು ಉಳಿಯುತ್ತಿತ್ತು.

ಜಗ್ಗುವುದು ಎಷ್ಟು? ಇಲ್ಲಿ ನಮ್ಮ ಕಸುಬಿನ ಹಿರಿಯರ ಜೋಡಿಯೂ ನನ್ನ ಜಗಳ ಅದ. "ಬಿಲ್ಲಿನ ಹೆದೆಯಂಗ ಜಗ್ಗಬೇಕು" ಅನ್ನುವವರು ಇದ್ದಾರೆ. ಅದು ಬರೇ ಠೀವಿ. ಇದರ ಲೆಕ್ಕವನ್ನು ನನ್ನ ತಮ್ಮನ ಮಗಳು, ಹನ್ನೆರಡನೇ ಇಯತ್ತೆ ಸೈನ್ಸ್ ಓದುವಾಕಿ, ಕಾಗದದ ಮೇಲೆ ಮಾಡಿ ಕೊಟ್ಟಳು. ಮಾಸ್ತರರು ತಪ್ಪಿದ್ದರೆ ತಿದ್ದಲಿ. ಗೂಟಕ್ಕೂ ಕೈಗೂ ನಡುವೆ ಪಟ್ಟಾ ಬಟ್ಟೆ ಒಣಹಾಕುವ ಹಗ್ಗ ಇದ್ದಂಗ. ನಟ್ಟನಡುವೆ ಕತ್ತಿ ಒತ್ತಿದರೆ ಎಷ್ಟು ಜೋಲುತ್ತದೆ ಅನ್ನುವುದಕ್ಕೆ ಒತ್ತುವ ಭಾರವನ್ನು ಉದ್ದದಿಂದ ಗುಣಿಸಿ, ಜಗ್ಗುವ ಭಾರದ ನಾಲ್ಕು ಪಟ್ಟಿನಿಂದ ಭಾಗಿಸಬೇಕು. ತೊಗಲಿನ ಬಿರುಸು ಬಿಟ್ಟು ಹೇಳುವ ಅಂದಾಜು ಇದು.

ಭಂಗಾರ ಕೊಳ್ಳುವವನ ಸ್ಪ್ರಿಂಗ್ ಕಾಟಾ ಇಸಗೊಂಡು, ಗೂಟಕ್ಕೂ ಪಟ್ಟಾಕ್ಕೂ ನಡುವೆ ಅದನ್ನು ಸಿಕ್ಕಿಸಿ ನೋಡಿದೆವು. ನಾನು ರೂಢಿಯಂತೆ ಹಿಡಿದಾಗ ಸುಮಾರು 4 ಕಿಲೋ ತೋರಿಸಿತು. ಕತ್ತಿ ಒತ್ತುವ ಭಾರವನ್ನು ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಒತ್ತಿ ನೋಡಿದೆವು: ನನ್ನದು 100 ಗ್ರಾಮಿನ ಆಸುಪಾಸು, ಆ ಹುಡುಗನದು 400. ಪಟ್ಟಾದ ಉದ್ದ 48 ಸೆಂಟಿಮೀಟರ್. ನನ್ನ ಕೈಯಲ್ಲಿ ಜೋಲುವುದು 3 ಮಿಲಿಮೀಟರ್, ಅವನ ಒತ್ತಿಗೆ 12. ಅವನು ಅಷ್ಟೇ ಒತ್ತುತ್ತಾ 3 ಮಿಲಿಮೀಟರಿಗೆ ಇಳಿಸಬೇಕಾದರೆ ಎಡಗೈಯಿಂದ 16 ಕಿಲೋ ಜಗ್ಗಬೇಕು. ಒಂದು ತುಂಬಿದ ಕೊಡದ ಭಾರ! ಬಿಲ್ಲಿನ ಹೆದೆ ಅನ್ನುವವರು ಈ ಕೊಡ ಹೊತ್ತು ನಿಲ್ಲಲಿ. ಒತ್ತುವುದನ್ನು ಕಾಲು ಭಾಗಕ್ಕೆ ಇಳಿಸಿದರೆ ಏನೂ ಹೊರಬೇಕಾಗಿಲ್ಲ. ಕತ್ತಿಗೆ ತನ್ನದೇ ಭಾರ ಅದ, ಅದರ ಮೇಲೆ ಸ್ವಲ್ಪ ಕೈ ಇದ್ದರೆ ತೀರಿತು.

ಜೋಲಿದರೆ ಕೆಡುವುದೇನು ಅಂತೀರಿ. ಕತ್ತಿಯ ಅಲಗು ಎರಡೂ ಮಗ್ಗಲು ಕೂಡಿ 16ರಿಂದ 18 ಡಿಗ್ರಿ ಕೋನದ್ದು, ಒಂದು ಮಗ್ಗಲಿಗೆ ಎಂಟು ಒಂಬತ್ತು. ಆ ಹುಡುಗನ ಒತ್ತಿಗೆ ಪಟ್ಟಾ ಬಾಗಿ, ಅಲಗಿನ ಹಿಂದೆ ಸುಮಾರು 3 ಡಿಗ್ರಿ ಮೇಲಕ್ಕೆ ಏಳುತ್ತದೆ. ಎದ್ದ ತೊಗಲು ಅಲಗಿನ ತುದಿಯನ್ನು ತಿಕ್ಕಿ ತಿಕ್ಕಿ ದುಂಡಗೆ ಮಾಡುತ್ತದೆ. ಎಷ್ಟು ಹೆಚ್ಚು ತಿಕ್ಕಿದರೆ ಅಷ್ಟು ಮೊಂಡ. ಪಾಪ, ಹುಡುಗ ಧಾರ ಬರಲಿ ಅಂತ ನೂರು ಸಲ ಎಳೆಯುತ್ತಾನೆ, ಪ್ರತಿ ಸಲವೂ ಕಳೆದುಕೊಳ್ಳುತ್ತಾನೆ. ಆಮೇಲೆ ರಕ್ತದ ಮೇಲೆ ಹಾಕುತ್ತಾನೆ. ಸರಿ ಹಿಡಿದು ಬಟ್ಟೆಯ ಮೇಲೆ 25-30, ತೊಗಲಿನ ಮೇಲೆ 50-60 ಸಲ ಹೋಗಿ ಬಂದರೆ ಒಂದು ದಿನದ ಗಡ್ಡಕ್ಕೆ ಧಾಳವಾಗಿ ಆಗುತ್ತದೆ. ಇನ್ನು ಪಟ್ ಪಟ್ ಅಂತ ಸಪ್ಪಳ ಮಾಡಿ ಎಳೆಯುವವರು, ಸಿನೆಮಾದಾಗ ತೋರಿಸ್ತಾರಲ್ಲ, ಆ ಸಪ್ಪಳ ಸಡಿಲ ಪಟ್ಟಾ ಬಡಿದುಕೊಳ್ಳುವ ಸಪ್ಪಳ. ಗಿರಾಕಿ ಖುಷಿಯಾಗ್ತಾನ, ಅವನ ಗಲ್ಲ ಆಗೂದಿಲ್ಲ.

ಇದನ್ನು ಬರೆಯುತ್ತೇನೆ ಅಂದಾಗ ನಮ್ಮವರಲ್ಲೇ ಒಬ್ಬರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಮನೆಗೆ ಬಂದು ಬೇಡವೆಂದರು. "ನಮ್ಮದು ಅಂತ ಇರೂದು ಇದೊಂದು. ಅದನ್ನೂ ಬರದು ಹಂಚಿದ್ರ ನಮಗೇನು ಉಳೀತದ?" ಅಂದರು. ಅವರ ಮಾತಿನ ಹಿಂದೆ ನೋವಿದೆ, ತಳ್ಳಿಹಾಕಲಾರೆ. ಸುಗ್ಗಿಯಲ್ಲಿ ಕಣದ ಬದಿಗೆ ನಿಂತು ಆಯದ ಜೋಳಕ್ಕೆ ಚೀಲ ಹಿಡಿದವರು ನಾವು. ರಾಶಿ ಅಳೆದು ಮುಗಿಯುವ ತನಕ ಕರೆಯುತ್ತಿರಲಿಲ್ಲ. ಆದರೂ ಹೇಳಿದೆ: "ಅಣ್ಣಾ, ಉಳಿಸಿಟ್ಟು ನಮಗ ಬಂದದ್ದೇನು? ಬಚ್ಚಿಟ್ಟದ್ದಕ್ಕೇ ಮಂದಿ ಇದಕ್ಕ ಬುದ್ಧಿ ಬೇಕಾಗಿಲ್ಲ, ರಕ್ತ ಸಾಕು ಅಂದುಕೊಂಡಾರ." ಅವರು ಚಹಾ ಕುಡಿದು ಹೋದರು. ಒಪ್ಪಲಿಲ್ಲ.

ಇನ್ನೊಂದು ಆಕ್ಷೇಪ ನ್ಯಾಯವಾದದ್ದು. ಅದನ್ನು ನಾನೇ ಎತ್ತುತ್ತೇನೆ. ಅಂಗಡಿಯಲ್ಲಿ ಒಂದೇ ಕತ್ತಿ, ಒಂದೇ ಪಟ್ಟಾ ಎಲ್ಲರಿಗೂ ಬಳಸುವುದು ತಪ್ಪು. ಎಚ್‌ಐವಿ, ಕಾಮಾಲೆ ತರುವ ಹೆಪಟೈಟಿಸ್-ಬಿ ರಕ್ತದಿಂದ ಹರಡುತ್ತವೆ. ಕತ್ತಿಯನ್ನು ಕುದಿಸಬಹುದು, ತೊಗಲನ್ನು ಕುದಿಸಲು ಬರುವುದಿಲ್ಲ. ಆದ್ದರಿಂದ ನನ್ನ ಅಂಗಡಿಯಲ್ಲಿ ಗಿರಾಕಿಗೊಂದು ಹೊಸ ಬ್ಲೇಡು, ಗಿರಾಕಿಯ ಕಣ್ಣೆದುರಿಗೇ ಕಾಗದ ಬಿಚ್ಚುತ್ತೇನೆ. ಹಳೇ ಪಟ್ಟಾವನ್ನು ಅಂಗಡಿಗೆ ತರಬೇಕು ಅಂತ ಹೇಳುವವನು ನಾನಲ್ಲ. ತನ್ನ ಮನೆಯಲ್ಲಿ ತನ್ನ ಕತ್ತಿ, ತನ್ನ ಪಟ್ಟಾ, ತನ್ನ ಗಲ್ಲ ಇದ್ದವನಿಗೆ ಹೇಳುತ್ತಿದ್ದೇನೆ. ಆ ಇಬ್ಬರು ಹುಡುಗರೂ ಇಬ್ಬರ ನಡುವೆ ಒಂದೇ ಕತ್ತಿ ಇಟ್ಟುಕೊಂಡಿದ್ದರು, ಅದಕ್ಕೂ ಬೈದಿದ್ದೇನೆ.

ಹಾಗಾದರೆ ಹೋಗುತ್ತಿರುವ ಕಸುಬಿನ ಒಂದು ಹಿಡಿತಕ್ಕೆ ಇಷ್ಟು ಪುಟ ಯಾಕೆ ಅಂತ ಮಾಸ್ತರರು ಕೇಳಬಹುದು. ಮಾಸ್ತರರಿಗೇ ಹೇಳಬೇಕಾದದ್ದು ಈಗ ಬರುತ್ತದೆ.

ನನ್ನ ಮಗ ಏಳನೇ ಇಯತ್ತೆಯಲ್ಲಿ ಲೆಕ್ಕದಲ್ಲಿ ನಪಾಸಾದ. ಅವನ ಗುರುಗಳು ಕೆಟ್ಟವರಲ್ಲ, ಅವನ ಮೇಲೆ ಪ್ರೀತಿಯಿದ್ದವರೇ. ತಲೆ ಸವರಿ, "ಲೆಕ್ಕ ಬರದಿದ್ರ ಏನಾತು, ಕೈಕಸುಬು ನಿನ್ನ ರಕ್ತದಾಗೇ ಅದ" ಅಂದರಂತೆ. ಹುಡುಗ ಮನೆಗೆ ಬಂದು ಅದನ್ನು ಶಾಬಾಸಕಿ ಅಂತಲೇ ಹೇಳಿದ. ಅವತ್ತಿನಿಂದ ಲೆಕ್ಕದ ಪುಸ್ತಕ ತೆರೆಯಲಿಲ್ಲ. ಕಸುಬನ್ನೂ ಕಲಿಯಲಿಲ್ಲ, ಯಾಕಂದರೆ ರಕ್ತದಾಗೇ ಇರುವುದನ್ನು ಕಲಿಯುವುದೇನು? ನಾನು ಕೂಡ ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಬೆರಳು ಬಿಚ್ಚಿ ತೋರಿಸಲಿಲ್ಲ. ಬರ್ತದ ಬಿಡು ಅಂದುಕೊಂಡೆ. ಈಗ ಪುಣೆಯಲ್ಲಿ ಗೋದಾಮಿನಲ್ಲಿ ಹಮಾಲಿ ಮಾಡುತ್ತಾನೆ. ಒಕ್ಕಲಿಗರ ಹುಡುಗನಿಗೆ "ನಿನ್ನ ರಕ್ತದಾಗ ಇಲ್ಲ" ಅಂದದ್ದೂ ನನ್ನ ಮಗನಿಗೆ "ನಿನ್ನ ರಕ್ತದಾಗ ಅದ" ಅಂದದ್ದೂ ಒಂದೇ ಮಾತು. ಒಬ್ಬನಿಗೆ ಕಸುಬಿನ ಬಾಗಿಲು ಮುಚ್ಚಿತು, ಇನ್ನೊಬ್ಬನಿಗೆ ಶಾಲೆಯದು.

ಇದು ಈಗಿನ ಮಾತೂ ಅಲ್ಲ. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಪ್ರಿಟೋರಿಯಾದ ಒಂದು ಸಂಗತಿ ಬರೆದಿದ್ದಾರೆ. ಅಲ್ಲಿಯ ಬಿಳಿಯ ಕ್ಷೌರಿಕ ಇವರ ಕೂದಲು ಮುಟ್ಟಲು ಒಪ್ಪಲಿಲ್ಲ. ಇವರು ಯಂತ್ರ ಕೊಂಡು ಕನ್ನಡಿಯ ಮುಂದೆ ತಾವೇ ಕತ್ತರಿಸಿಕೊಂಡರು. ಮುಂದಿನದು ಹೇಗೋ ಬಂತು, ಹಿಂದಿನದು ಕೆಟ್ಟಿತು. ಕೋರ್ಟಿನಲ್ಲಿ ಮಿತ್ರರು ನಕ್ಕರು. ಬ್ಯಾರಿಸ್ಟರ್ ಆದರೇನು, ಕೈಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ನನಗೆ ನಟ್ಟದ್ದು ಅದರ ಮುಂದಿನ ಮಾತು. ಆ ಕ್ಷೌರಿಕನ ಮೇಲೆ ಅವರು ತಪ್ಪು ಹೊರಿಸುವುದಿಲ್ಲ. ನಮ್ಮ ದೇಶದಲ್ಲೂ ಅಸ್ಪೃಶ್ಯರ ಕೂದಲು ತೆಗೆಯಲು ನಮ್ಮ ಕ್ಷೌರಿಕರನ್ನು ನಾವು ಬಿಡುವುದಿಲ್ಲವಲ್ಲ ಅನ್ನುತ್ತಾರೆ. ಅದನ್ನು ಓದಿದಾಗ ನನ್ನ ತಲೆ ತಗ್ಗಿತು. ನಮ್ಮ ಹಿರಿಯರೂ ಎಷ್ಟೋ ಓಣಿಗೆ ಹಡಪ ಒಯ್ಯಲಿಲ್ಲ. ಊರ ಒತ್ತಾಯ ಇತ್ತು ಖರೆ. ಒತ್ತಾಯಕ್ಕೆ ಹೂಂ ಅಂದವರು ನಾವೂ ಹೌದು. ರಕ್ತದ ಮಾತನ್ನು ನಮ್ಮ ಲಾಭಕ್ಕೆ ಒಪ್ಪಿಕೊಂಡರೆ ಆ ಓಣಿಯ ಲೆಕ್ಕವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನ ಹತ್ತಿರ ಇದ್ದ ಹಡಪದ ಅಪ್ಪಣ್ಣನ ಹೆಸರು ಹೇಳುವವರು ನಾವು. ಅಪ್ಪಣ್ಣ ವಚನ ಬರೆದ, ಹೆಂಡತಿ ಲಿಂಗಮ್ಮ ತಾನೂ ಬರೆದಳು. ಹುಟ್ಟಿನ ಮೇಲೆ ಮನುಷ್ಯನನ್ನು ಅಳೆಯಬಾರದು ಅಂದವರ ಗುಂಪಿನಲ್ಲಿ ಕೂತಿದ್ದವರ ಹೆಸರಿನಲ್ಲೇ ನಮಗೆ ಹುಟ್ಟಿನ ಸರ್ಟಿಫಿಕೇಟು ಕೊಡುತ್ತಾರೆ, ನಾವೂ ಕೈ ಚಾಚಿ ತಗೋತೀವಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಹತ್ತು ದಿನ ಚೀಲವಿಲ್ಲದ ಶಾಲೆ ಅಂತ ಹೇಳಿದೆ. ಆ ಹತ್ತು ದಿನ ಊರ ಕಸುಬಿನವರ ಹತ್ತಿರ ಹೋಗಿ ಕಲಿಯಬೇಕು. ಯಾರ ಹತ್ತಿರ? ಬಡಿಗ, ತೋಟಗಾರ, ಕುಂಬಾರ, ಕಲಾವಿದ ಮುಂತಾದವರು ಅಂತ ಬರೆದಿದ್ದಾರೆ. ನಾವು ಆ 'ಮುಂತಾದವರು' ಒಳಗ ಇರಬೇಕು. ಮಡಿಕೆ ಕೈಗೆ ಮಣ್ಣು ಹತ್ತಿಸುತ್ತದೆ, ಅದು ಫೋಟೋಕ್ಕೆ ಚಲೋ ಕಾಣುತ್ತದೆ. ಕೂದಲು ಹತ್ತಿದರೆ ಯಾರಿಗೂ ಬ್ಯಾಡ. ನನ್ನ ಕಡೆ ಮಕ್ಕಳನ್ನು ಕಳಿಸಿ ಕ್ಷೌರ ಕಲಿಸಿರಿ ಅಂತ ನಾನು ಕೇಳುವುದಿಲ್ಲ. ಮಕ್ಕಳ ಕೈಗೆ ಕತ್ತಿ ಕೊಡುವಷ್ಟು ಹುಚ್ಚನೂ ಅಲ್ಲ. ಒಂದು ಹಳೇ ಸೊಂಟದ ಬೆಲ್ಟು, ಒಂದು ಅಳತೆಪಟ್ಟಿ, ಒಂದು ಸ್ಪ್ರಿಂಗ್ ಕಾಟಾ, ಕತ್ತಿಯ ಜಾಗದಲ್ಲಿ ಒಂದು ಕಟ್ಟಿಗೆಯ ಚೂರು ಇದ್ದರೆ ಜಗ್ಗುವ ಬಲ, ಒತ್ತುವ ಬಲ, ಕೋನ, ಗುಣಾಕಾರ, ಭಾಗಾಕಾರ ಎಲ್ಲವೂ ಒಂದು ತಾಸಿನ ಪಾಠ. ಪಾಠ ಕನ್ನಡದಲ್ಲೇ ಆಗುತ್ತದೆ, ಬೇರೆ ಭಾಷೆಯ ಒಂದು ಮಾತೂ ಸಾಲ ಬೇಕಾಗುವುದಿಲ್ಲ. ಕಾಟಾ ಅನ್ನೂದು ಮರಾಠಿ ಅಂತೀರೇನು? ಹೋಗ್ಲಿ ಬಿಡ್ರಿ, ಅದೊಂದು ಇರಲಿ, ಗಡಿಯ ಊರು.

ಹಿರಿಯರು ಮುಂದಿನ ಸಂಕಲನಕ್ಕೆ ಉತ್ತರ ಬರೆಯುವುದಾದರೆ ನನಗೆ ಸಂತೋಷ. ಅದಕ್ಕೂ ಮೊದಲು ಒಂದು ಕೆಲಸ ಆಗಲಿ. ಬರುವ ಮೂರು ರವಿವಾರ ಮುಂಜಾನೆ ಒಂಬತ್ತಕ್ಕೆ ವಾಚನಾಲಯದ ಉತ್ತರದ ಕಿಟಕಿಯ ಸರಳಿಗೆ ಪಟ್ಟಾ ಕಟ್ಟುತ್ತೇನೆ. ಆ ಇಬ್ಬರು ಹುಡುಗರು ಬರಲು ಒಪ್ಪಿದ್ದಾರೆ. ಅವರ ಪಟ್ಟಾದ ಕಚ್ಚಿನ ಸಿಬಿರನ್ನು ನುಣುಪು ಕಲ್ಲಿನಿಂದ ತಿಕ್ಕಿ ಸಮ ಮಾಡಿ ಇಟ್ಟಿದ್ದೇನೆ. ಅವರ ಕತ್ತಿ ನನ್ನ ಹತ್ತಿರ ಮಸೆಗಲ್ಲಿನ ಮೇಲಿದೆ, ಮೂರನೇ ರವಿವಾರದ ತನಕ ಕೊಡುವುದಿಲ್ಲ. ಹಿರಿಯರೂ ಬರಬೇಕು. ಅವರ ಎಡಗೈಗೆ ಪಟ್ಟಾ ಕೊಟ್ಟು ನಾನೇ ಹೇಳಿಕೊಡುತ್ತೇನೆ, ಅಳತೆಪಟ್ಟಿಯ ಕೆಳಗೆ ಬೆಳಕು ಕಾಣುತ್ತದೋ ಇಲ್ಲವೋ ಮಾಸ್ತರರು ನೋಡಲಿ. ಕತ್ತಿ ಯಾರೂ ತರಬ್ಯಾಡ್ರಿ. ಅಳತೆಪಟ್ಟಿ ತರ್ರಿ.